ಎಡ ಹಿಂದಿನದು

ಬಂದರಿನಿಂದ ತೋಟ ಬೆಂಗ್ರೆಗೆ ದೋಣಿ.
ಐದು ಪೆಟ್ಟಿಗೆ ಕಾಲಬುಡದಲ್ಲಿ, ಸಬ್‌ವೂಫರ್ ತೊಡೆಯ ಮೇಲೆ,
ಜ್ವರ ಬಂದ ಮಗುವಿನಷ್ಟು ಭಾರ.
ಟಿಕೆಟಿನವ ಅಂದ, ‘ಇದಕ್ಕೂ ಒಂದಾಳು ಲೆಕ್ಕ, ಮಾರಾಯ್ರೆ.’
ಮೀನು ಮಾರಿ ಬಂದವಳು ಖಾಲಿ ಬುಟ್ಟಿ ಸರಿಸಿ
ಸ್ವಲ್ಪ ಜಾಗ ಕೊಟ್ಟಳು.

ಸಂಜೀವ ತಿಂಗಳಾಯರ ಮನೆ, ಹಸಿರು ಗ್ರಿಲ್ಲು.
ಮುಂದೆ ಹೊಳೆ, ಹಿಂದೆ ಕಡಲು.
ಸದ್ದು ಸುತ್ತಲೂ ಆಗಲೇ ಇತ್ತು;
ನಾನು ಒಯ್ದದ್ದು ದುಡ್ಡು ಕೊಟ್ಟು ತರಿಸಿದ್ದು.

ಇಪ್ಪತ್ತೆಂಟು ವರ್ಷ ಟ್ರಾಲ್ ಬೋಟಿನ ಇಂಜಿನ್ ನೋಡಿದವರು
ಪಾಲು ಮಾರಿ, ಮಂಡಿಚಿಪ್ಪು ಬದಲಿಸಿ,
ಮಿಕ್ಕಿದ್ದರಲ್ಲಿ ಹಾಲನ್ನು ಟಾಕೀಸು ಮಾಡುತ್ತಿದ್ದಾರೆ.
‘ಥಿಯೇಟರಿನ ಹಾಗೆಯೇ ಬರಬೇಕು!’
ಡೆಕ್ಕಿನ ಆಚೆ ತುದಿಗೂ ಕೇಳುವ ಹಾಗೆ ಅಂದರು.

‘ನೀವು ಕೂರುವುದೆಲ್ಲಿ, ಅದು ಹೇಳಿ.’
ಎಲ್ಲರೂ ಮೊದಲು ಟೀವಿ ತೋರಿಸುತ್ತಾರೆ.
ಕೂರುವ ಜಾಗ ಗೊತ್ತಾಗದೆ ಸ್ಪೀಕರಿಗೆ ದಿಕ್ಕಿಲ್ಲ
ಎಂದು ತಿಳಿಹೇಳುವುದು ನನ್ನ ಕಸುಬಿನ ಅರ್ಧ.
ಉಳಿದರ್ಧ ವೈರು ಅಡಗಿಸುವುದು.

ಸೋಫಾದ ಬಲತುದಿ ತಟ್ಟಿದರು.
ಕುಕ್ಕರಿನ ಸೀಟಿಯ ಮೇಲಿಂದ ವನಜಕ್ಕ:
‘ಅವರು ಅಲ್ಲಿ, ನಾನು ಅವರ ಎಡಕ್ಕೆ.
ಸೋಫಾ ಮೂರು ಬದಲಾಯಿತು, ಜಾಗ ಅದೇ.’

ಮುಂದಿನ ಎರಡಕ್ಕೆ ಮೂಗು ತುಸು ಒಳಕ್ಕೆ ತಿರುಗಿಸಿದೆ.
ಮಾತಿನದು ನಡುವೆ, ಸಿಟಿ ಬಸ್ಸಿನ ಕಂಡಕ್ಟರನ ಹಾಗೆ:
ಅವನದು ಕೇಳದಿದ್ದರೆ ಉಳಿದದ್ದೆಲ್ಲ ಬರೀ ಗಲಾಟೆ.
ಹಿಂದಿನವು ಕಿವಿಗಿಂತ ಎರಡು ಗೇಣು ಮೇಲೆ,
ಹೆಗಲು ದಾಟಿ ಸ್ವಲ್ಪವೇ ಹಿಂದೆ.
ತೀರಾ ಹಿಂದೆ ಹೋದರೆ
ಬೆನ್ನಿಗೆ ಸಾಲಗಾರ ನಿಂತ ಹಾಗಾಗುತ್ತದೆ.

ಸಬ್‌ವೂಫರಿನದು ಬೇರೆಯೇ ಶಾಸ್ತ್ರ.
ಅದನ್ನು ಸೋಫಾದಲ್ಲಿ ಕೂರಿಸಿ, ಗುಡುಗು ಹಾಕಿ,
ನಾನು ಅಂಬೆಗಾಲಿನಲ್ಲಿ ಮೂಲೆ ಮೂಲೆಗೆ ಹೋದೆ,
ಎಲ್ಲಿ ಗುಡುಗು ದುಂಡಗಿದೆ, ಎಲ್ಲಿ ಒಡಕು ಮಡಕೆ ಎಂದು.
ವನಜಕ್ಕ ಬೈರಾಸು ಬಾಯಿಗಿಟ್ಟು ನಕ್ಕರು.
‘ಎಂತದು, ಬೆಕ್ಕು ನಂಗು ಹುಡುಕಿದ ಹಾಗೆ?’
ಸಿಕ್ಕಿತು, ಶೋಕೇಸಿನ ಮಗ್ಗುಲಲ್ಲಿ.
ಒಳಗೆ ಸ್ಟೀಲಿನ ಲೋಟಗಳು ಹಲ್ಲು ಕಡಿದವು.
ಕೆಳಗೆ ಪೇಪರು ಮಡಚಿ ಇಟ್ಟರು.

ಕೊನೆಗೆ ಮೈಕು, ತಲೆ ಇರುವ ಎತ್ತರಕ್ಕೆ.
ಫ್ಯಾನು ಆರಿಸಿದೆವು.
ಒಂದೊಂದೇ ಪೆಟ್ಟಿಗೆ ಸರದಿಯಲ್ಲಿ ಉಸಿರು ಬಿಟ್ಟಿತು,
ಕಾದ ಕಾವಲಿಗೆ ನೀರುದೋಸೆಯ ಹಿಟ್ಟು ಬಿದ್ದ ಸದ್ದು.
ಎಲ್ಲ ಸರಿ ಎಂದಿತು ಮೆಷಿನ್.

ಮೈಕು ತೆಗೆದು ತಿಂಗಳಾಯರನ್ನು ಕೂರಿಸಿದೆ, ಸಣ್ಣಗೆ ಹಾಕಿದೆ.
ಮುಂದೆ ಎಡ. ನಡು. ಮುಂದೆ ಬಲ. ಹಿಂದೆ ಬಲ.
ಒಂದೊಂದಕ್ಕೂ ಬೆರಳೆತ್ತಿದರು, ಹಾಜರಿ ಹೇಳುವ ಹುಡುಗ.
ಹಿಂದೆ ಎಡ.

ಹಿಂದೆ ಎಡ.

ವೈರು ನೋಡಿದೆ. ಪ್ಲಸ್ಸು ಮೈನಸ್ಸು ನೋಡಿದೆ.
ಏಣಿ ಹತ್ತಿ ಕಿವಿ ಕೊಟ್ಟೆ. ಬರುತ್ತಿದೆ.
‘ಅದು ಸತ್ತಿದೆ, ಬೇರೆ ತನ್ನಿ,’ ಅಂದರು.

ವನಜಕ್ಕ ಒಳಗಿನಿಂದ ಕೈಸನ್ನೆ ಮಾಡಿದರು.
‘ಎಡಗಿವಿ ಇಂಜಿನಿಗೆ, ಬಲಗಿವಿ ತಾಂಡೇಲನ ಬೊಬ್ಬೆಗೆ.
ಎಡದ್ದು ಹೋಗಿ ಹದಿನೇಳು ವರ್ಷ. ಒಪ್ಪುವುದಿಲ್ಲ.’
‘ಮತ್ತೆ ನೀವು ಅದೇ ಬದಿಗೆ ಕೂರುವುದಲ್ಲವಾ?’

ಚಾ ಸೋಸುತ್ತಲೇ ಇದ್ದರು.
‘ಬಳೆ ಅಡವಿಟ್ಟದ್ದು, ತಂಗಿಗೆ ಕೊಟ್ಟದ್ದು,
ಬಾಣಂತನದಲ್ಲಿ ನನ್ನನ್ನು ನೋಡಲು ಬಾರದ ಸಿಟ್ಟು,
ಎಲ್ಲ ಹೇಳಿದ್ದೇನೆ. ಒಂದೂ ಮುಚ್ಚಿಟ್ಟಿಲ್ಲ.
ಆ ಕಿವಿಗೆ.’

ರಿಮೋಟಿನಲ್ಲಿ ಆ ಒಂದನ್ನು ಆರು ಏರಿಸಬಹುದು,
ಗೋಡೆಗೆ ಬಡಿದು ಆಚೆ ಕಿವಿಗೆ ಸುತ್ತಿ ಬರುತ್ತದೆ.
ಹೇಳಿದೆ. ಬೇಡವೆಂದರು.
‘ಅದು ನನ್ನ ಬದಿಯದ್ದಲ್ಲವಾ? ಇದ್ದ ಹಾಗೆ ಇರಲಿ.’

ಹೊರಗೆ ಬಂದು ಸುಳ್ಳು ಹೇಳಿದೆ:
‘ಅದಕ್ಕೆ ಕೆಲಸ ಕಡಿಮೆ ಸಾರ್,
ಹೆಲಿಕಾಪ್ಟರ್ ಬಂದಾಗ ಮಾತ್ರ.’

ಹೊಡೆದಾಟದ ಸಿನಿಮಾ ಒಂದನ್ನು ಹಾಕಿದೆವು.
ಇಬ್ಬರೂ ಅವರವರ ಜಾಗದಲ್ಲಿ.
ಹೆಲಿಕಾಪ್ಟರ್ ಬಲದಿಂದ ಎದ್ದು, ನೆತ್ತಿ ದಾಟಿ,
ಎಡಕ್ಕೆ ಹೋಗಿ ಎಲ್ಲೋ ಇಳಿಯಿತು.
ತಿಂಗಳಾಯರು ಪರದೆ ನೋಡಲಿಲ್ಲ,
ಹೆಂಡತಿಯ ಮುಖ ನೋಡಿದರು.
‘ಬಂತಾ?’

‘ಬಂತು,’ ಅಂದರು ವನಜಕ್ಕ,
ಪರದೆಯ ಕಡೆಗೇ ತಿರುಗಿ, ತೀರಾ ಮೆಲ್ಲಗೆ.

ತಿಂಗಳಾಯರು ತಲೆಯಾಡಿಸಿದರು.

ನಾನು ಏಣಿ ಮಡಚಿದೆ.
ಉಳಿದ ಎರಡು ಮೀಟರ್ ವೈರು ಅಲ್ಲೇ ಬಿಟ್ಟೆ,
ಲೆಕ್ಕಕ್ಕೆ ಹಿಡಿಯಲಿಲ್ಲ.