ಗೋಡೆಗೆ ಮೂರು ಸಲ

ತ್ರಿಯೆಸ್ತೆಯ ಈ ಕಡಲದಂಡೆಯಲ್ಲಿ
ಗಂಡಸರಿಗೊಂದು ಕಡೆ, ಹೆಂಗಸರಿಗೊಂದು ಕಡೆ.
ನಡುವೆ ಸುಣ್ಣ ಬಳಿದ ಗೋಡೆ, ಎರಡಾಳೆತ್ತರ,
ನೀರಿಗಿಳಿದು ನಾಲ್ಕು ಹೆಜ್ಜೆ ಹೋಗಿ
ಸಾಕಪ್ಪಾ ಎಂದು ನಿಂತದ್ದು.
ಎರಡೂ ಕಡೆ ಕಾಣುವುದು ನನಗೊಬ್ಬನಿಗೇ.
ನಾನು ಟಿಕೆಟ್ ಹರಿಯುವವನು.

ಎದೆ ಸುಮ್ಮಸುಮ್ಮನೆ ಡವಗುಡುತ್ತದೆಂದು ಹೋದರೆ
ಡಾಕ್ಟರಮ್ಮ ಚೀಟಿ ಬರೆದುಕೊಟ್ಟಳು, ಮಾತ್ರೆಯದಲ್ಲ:
ಎದ್ದ ಕೂಡಲೇ ಒಂದು ಲೋಟ ನೀರು.
ನಾಲ್ಕೆಣಿಸಿ ಉಸಿರು ಒಳಗೆ, ಆರೆಣಿಸಿ ಹೊರಗೆ.
ಮಲಗುವ ಮುಂಚೆ ಆ ದಿನದ ಮೂರು ಒಳ್ಳೆಯ ಸಂಗತಿ ಬರೆ.
ಬರೆದೆ. ಮೊದಲ ದಿನ: ಕಾಫಿ. ಬಿಸಿಲು. ಕಾಫಿ.
ಎರಡನೆಯ ದಿನ: ಮೇಲಿನಂತೆ.

ನೆರೀನಾಗೆ ಎಪ್ಪತ್ತೊಂಬತ್ತು. ಚೀಟಿಯಿಲ್ಲ.
ಎಂಟೂಕಾಲಕ್ಕೆ ಬರುತ್ತಾಳೆ, ಚಿಲ್ಲರೆ ಎಣಿಸಿಯೇ ತಂದಿರುತ್ತಾಳೆ,
ಅದೇ ಬಂಡೆಯ ಮೇಲೆ ಅದೇ ಹಸಿರು ಟವೆಲ್ಲು.
ಕಾಲಿಡುವಾಗ ಸಮುದ್ರವನ್ನೊಮ್ಮೆ ಬೈಯುತ್ತಾಳೆ,
ಹಾಸಿಗೆ ಬಿಟ್ಟೇಳದ ಮಗುವನ್ನು ಬೈದ ಹಾಗೆ,
ಆಮೇಲೆ ಈಜುತ್ತಾಳೆ.
ಪೀಚ್ ಹಣ್ಣು ಕೊಯ್ದು ಅರ್ಧ ಪಕ್ಕದವಳಿಗೆ,
ಪಕ್ಕದವಳು ಯಾರಾದರೂ ಸರಿ.
ಹನ್ನೊಂದೂವರೆಗೆ ಒದ್ದೆ ಗುಂಡುಕಲ್ಲೊಂದನ್ನೆತ್ತಿ
ಗೋಡೆಗೆ ಮೂರು ಸಲ ಕುಟ್ಟುತ್ತಾಳೆ:
ಏಳು. ಹೊರಟೆ. ಬಾ.

ಆಚೆ ಕಡೆ ಓತ್ತಾವಿಯೋ, ಬಂದರಿನಲ್ಲಿ ಕ್ರೇನು ನಡೆಸಿದವನು,
ಇಸ್ಪೀಟೆಲೆ ಕೆಳಗಿಡದೆಯೇ ಎರಡು ಸಲ ಕುಟ್ಟುತ್ತಿದ್ದ:
ಕೇಳಿಸಿತು. ಇದೊಂದಾಟ.
ನಲವತ್ತು ಬೇಸಿಗೆ ಹೀಗೆ.

ಮಾರ್ಚಿನಲ್ಲಿ ಓತ್ತಾವಿಯೋ ತೀರಿಕೊಂಡ.
ಜೂನಿನಲ್ಲಿ ನೆರೀನಾ ಬಂದಳು, ಎಂಟೂಕಾಲಕ್ಕೆ.
ಹನ್ನೊಂದೂವರೆಗೆ ಕಲ್ಲೆತ್ತಿದಳು.
ಮೂರು ಸಲ.
ಆಚೆ ಮುದುಕರು ಎಲೆ ಹಾಕುತ್ತಿದ್ದವರು
ಹಾಗೇ ಕೈಯಲ್ಲಿ ಹಿಡಿದು ಕೂತರು.

ಚೀಲ ಹೆಗಲಿಗೇರಿಸಿ ನನ್ನ ಕಿಟಕಿ ದಾಟುವಾಗ
ತಡೆಯಲಾರದೆ ಕೇಳಿಬಿಟ್ಟೆ.
"ಕೈ ಕಲಿತುಬಿಟ್ಟಿದೆ," ಅಂದಳು,
"ಅದಕ್ಕೆ ಸುದ್ದಿ ಹೇಳುವವರಾರು?"

ಅವತ್ತಿನಿಂದ ನನ್ನ ಜೇಬಿನಲ್ಲೊಂದು ಕಲ್ಲು.
ನಾಳೆ ಉತ್ತರ ಕೊಡೋಣ, ನಾಳೆ.
ಜುಲೈ ಪೂರ್ತಿ ಜೇಬು ಜೋತುಬಿತ್ತು, ಅಷ್ಟೇ.
ಕೊನೆಗೆ ಕುಟ್ಟಿದವನು ನಾನಲ್ಲ,
ಗ್ರಾಜ್‌ನಿಂದ ರಜೆಗೆ ಬಂದ ಆರು ವರ್ಷದ ಪೋರ,
ಸದ್ದಿಗೆ ಸದ್ದು ಎಂದು, ಆಟಕ್ಕೆ,
ಎರಡಲ್ಲ, ಹನ್ನೊಂದು ಸಲ!
ದಂಡೆಯೆಲ್ಲ ಉಸಿರು ಹಿಡಿಯಿತು.
ಗೋಡೆಯಾಚೆಯಿಂದ ನೆರೀನಾಳ ದನಿ:
"ಸತ್ತ ಮೇಲೆ ಬಾಯಿ ಬಂತೇ ನಿನಗೆ!"
ಹೆಂಗಸರ ಕಡೆ ಎದ್ದ ನಗು
ಗೋಡೆ ಹತ್ತಿ ಗಂಡಸರ ಮೇಲೆ ಬಿತ್ತು.

ಪೋರ ಊರಿಗೆ ಹೋದ. ಅಂದಿನಿಂದ
ಯಾರಾದರೊಬ್ಬರು ಕುಟ್ಟುತ್ತಾರೆ.
ಪಾಳಿ ಹಾಕಿಕೊಂಡಿಲ್ಲ, ಮಾತಾಡಿಕೊಂಡಿಲ್ಲ,
ಆಟದಲ್ಲಿ ಸೋಲುತ್ತಿರುವವನೇ ಸಾಮಾನ್ಯವಾಗಿ ಏಳುವುದು.

ಡಾಕ್ಟರಮ್ಮನ ಚೀಟಿ ಗಲ್ಲಾಪೆಟ್ಟಿಗೆಯಡಿ ಇದೆ.
ನೀರು ಕುಡಿಯುತ್ತೇನೆ, ಉಸಿರೆಣಿಸುತ್ತೇನೆ,
ಸುಳ್ಳೇಕೆ ಹೇಳಲಿ, ಎದೆ ಒಂದಿಷ್ಟು ತಹಬಂದಿಗೆ ಬಂದಿದೆ.
ಹನ್ನೊಂದೂವರೆಗೆ ಮಾತ್ರ ಎಣಿಕೆ ತಪ್ಪುತ್ತದೆ,
ನಾಲ್ಕಾಯಿತೋ ಆರಾಯಿತೋ,
ಕಿವಿಯೆಲ್ಲ ಅತ್ತ.

ನವೆಂಬರ್. ಬೋರಾ ಗಾಳಿ ಗುಡ್ಡ ಇಳಿದು
ಬೀದಿಯ ಸ್ಕೂಟರುಗಳನ್ನೆಲ್ಲ ಮಲಗಿಸಿದ ದಿನ.
ಗಂಡಸರ ಕಡೆ ಒಂದು ನರಪಿಳ್ಳೆಯಿಲ್ಲ.
ನೆರೀನಾ ಬಂದಿದ್ದಳು, ಕೋಟು ಬಿಚ್ಚದೆ ಕೂತು
ಇದ್ದಷ್ಟು ಬಿಸಿಲಿಗೆ ಮುಖ ಕೊಟ್ಟಿದ್ದಳು.

ಟಕ್. ಟಕ್. ಟಕ್.

ಕಿಟಕಿ ಬಿಟ್ಟು ಓಡಿದೆ.
ಗೋಡೆ ಐಸಿನ ಹಾಗೆ ಕೊರೆಯುತ್ತಿತ್ತು,
ಜೇಬಿನ ಕಲ್ಲು ನನ್ನ ಮೈಯಷ್ಟೇ ಬೆಚ್ಚಗಿತ್ತು.
ಎರಡು ಸಲ.

ತುಸು ಹೊತ್ತು ಬರೀ ಗಾಳಿ.
ಆಮೇಲೆ: "ಯಾರದು, ಎಜಿದಿಯೋನಾ?
ಅಲ್ಲಿ ಗಲ್ಲಾ ಯಾರಪ್ಪ ಕಾಯುತ್ತಾನೆ?
ಹೋಗು, ಹೋಗು.
ನಾಳೆ ಇನ್ನೊಂದಿಷ್ಟು ಜೋರಾಗಿ ಕುಟ್ಟು,
ಈ ಕಡೆ ಕಿವಿ ನನಗೆ ಅಷ್ಟಾಗಿ ಕೇಳಿಸುವುದಿಲ್ಲ."