ಎರಡು ಸಲ ಅಂದರೆ

ಮದಬಾವಿಯಲ್ಲಿ ಕರೆಂಟು ಹೋದ ರಾತ್ರಿ
ಅವ್ವ ಲಾಟೀನಿನ ಬದಿಗೆ ಕೂತು ಚಪ್ಪಲಿಯ ಜಡೆ ಹೆಣೆಯುತ್ತಿದ್ದಳು,
ಅಥಣಿ ಕಾಲೇಜಿನ ನಾಳಿನ ಪರೀಕ್ಷೆಗೆ ನಾನು ಬಾಯಿಪಾಠ.
‘ಯಾರಂವ, ಇಷ್ಟೊತ್ತನಕ ನಿನ್ನ ಎಬ್ಬಿಸಿಟ್ಟಾಂವ?’
ಹೆಸರು ಹೇಳಿದೆ. ಅವಳ ನಾಲಿಗೆಗೆ ಕೂಡಲಿಲ್ಲ.
ಮೆಟ್ಟು ಹೊಲಿಯುವವನ ಮಗ, ಅಂದೆ.
ಕೈ ನಿಂತಿತು.
‘ನಮ್ಮಾಂವನ?’
ಅನ್ನಬಹುದು. ವಿಕ್ಟೋರಿಯಾ ರಾಣಿಯ ಕಾಲದವನು.

ಅವನ ಅಪ್ಪನಿಗೆ ಅಂಗಡಿಗಿಂತ ದುರ್ಬೀನಿನ ಹುಚ್ಚು,
ಅಂಗಡಿ ಮುಳುಗಿತು.
ಹದಿನಾರಕ್ಕೇ ಮಗ ಮಾಸ್ತರ,
ಕಾಲೇಜಿನ ಮೆಟ್ಟಿಲು ಹತ್ತದೆ ಕಲಿತು
ಕಾಲೇಜಿಗೇ ಪ್ರೊಫೆಸರ.

ಅವನ ಲೆಕ್ಕದಲ್ಲಿ ಅಂಕಿ ಎರಡೇ, ಅವ್ವಾ.
ಹೌದು ಅಂದರೆ ಒಂದು, ಇಲ್ಲ ಅಂದರೆ ಸೊನ್ನೆ.
‘ಮಿರಜಿನ ವ್ಯಾಪಾರಿ ನೋಡೋಣು ಅಂತಾನಲ್ಲ,
ಅದನ್ನೆಲ್ಲಿ ಇಟ್ಟಾನ?’
ಅದಕ್ಕೂ ಜಾಗ ಹುಡುಕಿದ್ದ, ಸೊನ್ನೆಗೂ ಒಂದಕ್ಕೂ ನಡುವೆ.
ನಮ್ಮ ಸಿಲೆಬಸ್ಸಿನಲ್ಲಿ ಅದಿಲ್ಲ.

ಇನ್ನೊಂದು ಸೂತ್ರ: ಒಂದೇ ಗುಣವನ್ನು ಎರಡು ಸಲ ಹೇಳಿದರೂ
ಒಂದು ಸಲ ಹೇಳಿದಷ್ಟೇ.
ಕರಿ ಎಮ್ಮೆ, ಕರಿ ಕರಿ ಎಮ್ಮೆ, ಎರಡೂ ಒಂದೇ ಎಮ್ಮೆ.
ಅವ್ವ ನಕ್ಕಳು, ಹಲ್ಲಿನಲ್ಲಿ ಕಚ್ಚಿದ್ದ ವಾದಿ ಜಾರಿತು.
‘ಬಿಸಿ ರೊಟ್ಟಿನೂ ಬಿಸಿ ಬಿಸಿ ರೊಟ್ಟಿನೂ
ಒಂದ ಹೆಂಗಾದೀತ?
ಉಂಡಾಂವಗ ಗೊತ್ತ ಫರಕ.
ಅಂವಗ ಯಾರೂ ಹಂಗ ಬಡಿಸಿಲ್ಲ ಕಾಣಸ್ತದ.’
ಪುಸ್ತಕದ ಅಂಚಿಗೆ ಪೆನ್ಸಿಲಿನಲ್ಲಿ ಬರೆದೆ:
ಅವ್ವನ ತಕರಾರು.

‘ಸತ್ತದ್ದ ಹೆಂಗ?’
ಮಳೆಯಲ್ಲಿ ಮೂರು ಮೈಲು ನಡೆದುಹೋಗಿ
ತೊಯ್ದ ಬಟ್ಟೆಯಲ್ಲೇ ಪಾಠ ಮಾಡಿದ. ಜ್ವರ ಎದೆಗಿಳಿಯಿತು.
ಬಂದ ಹಾದಿಯಲ್ಲೇ ಬೇನೆ ಹೊರಳಿ ಹೋದೀತೆಂದು
ಹೆಂಡತಿ ಒದ್ದೆ ಚಾದರ ಸುತ್ತಿದಳಂತೆ.
ಅವ್ವ ಬೋಗುಣಿಯಲ್ಲಿ ನೆನೆಯುತ್ತಿದ್ದ ತೊಗಲಿನತ್ತ ನೋಡಿದಳು.
‘ತೊಯ್ಸಿದರ ಮೆತ್ತಗಾಗೂದು ಇದಷ್ಟ.’

ಐದು ಹೆಣ್ಣುಮಕ್ಕಳು.
ಆಮೇಲೆ ಆಕೆ ರಟ್ಟಿಗೆ ತೂತು ಹಾಕಿಸಿ, ಸೂಜಿ ದಾರ ಕೊಟ್ಟು,
ನೆಟ್ಟಗಿನ ಎಳೆಗಳು ಸೇರಿ ಸೇರಿ
ಬಾಗಿದ ಗೆರೆ ಹುಟ್ಟುವುದನ್ನು
ಸಣ್ಣ ಹುಡುಗರಿಗೆ ಕಲಿಸಿದಳು.
ಅವ್ವ ತನ್ನ ಆರಿಯನ್ನು ಬೆಳಕಿಗೆ ಹಿಡಿದು
ಮೊನೆ ನೋಡಿದಳು.
ಪಾಪ, ಅಂದಳು.

ಕರೆಂಟು ಬಂತು. ಪಕ್ಕದ ಮನೆಯ ಗಿರಣಿ ಕೆಮ್ಮಿ ಶುರುವಾಯಿತು.
ಲಾಟೀನು ಆರಿಸಿ, ಎಡಗಾಲಿನದಕ್ಕೆ ಬಲಗಾಲಿನದನ್ನು ಹೊಂದಿಸಿಟ್ಟು,
ಹಾಸಿಗೆ ಬಿಡಿಸುವಾಗ, ನನಗಲ್ಲವೆಂಬಂತೆ,
ಮತ್ತೆ ಅಂದಳು, ಪಾಪ.

ಎರಡನ್ನೂ ಬರೆದುಕೊಂಡೆ.