ಈ ವಾರ ಯಾರ ಮನ್ಯಾಗ

ಹೊಳಿ ದಾಟೂದು ನನಗ ರೂಢಿ ಇಲ್ಲ.
ರಂಗಂಪೇಟಿ ಬಜಾರದಾಗ ಮೂರು ಮೊಳದ ಅಂಗಡಿ,
ಕೆಟ್ಟ ಹೊಲಿಗಿ ಮಶೀನು ತಾವೇ ನಡಕೊಂಡು ಬರ್ತಾವ,
ರಿಪೇರಿಯಾಗಿ ಹೋಗ್ತಾವ.
ಈ ಮಶೀನು ಬರೂ ಹಂಗಿರಲಿಲ್ಲ. ಹರಗೋಲದಾಗ
ಮೊದಲ ಸಲ ತರೂವಾಗ ಹೊಳೀಗಿ ಬಿದ್ದಿತ್ತಂತ,
ಎರಡನೇ ಸಲಕ್ಕ ಯಾರಿಗೂ ಧೈರ್ಯ ಇಲ್ಲ.

ಕಕ್ಕೇರಿ ದಾಟಿ ದಂಡಿಗಿ ಇಳಿದ್ರ
ಯಂಕೋಬ ಹುಟ್ಟು ಹಿಡದು ಕುಂತಿದ್ದ.
"ಚೀಲ ನಡುವ ಇಡು. ನೀನೂ ನಡುವೇ ಕೂಡು."
ಹರಗೋಲ ಸುತ್ತು ತಿರುಗಿ ತಿರುಗಿ
ನನ್ನ ತಲಿಯಾಗಿನ ಮೂಡಣ ಪಡುವಣ ಕಲಸಿ
ಜೇಕಿನಗಡ್ಡಿಗಿ ಮುಟ್ಟಿಸ್ತು.

"ಮಶೀನು ಯಾರ್ದು?" ಚೀಟಿ ತಗದು ಕೇಳಿದೆ.
"ಈ ವಾರ ಹುಲಗವ್ವನ ಮನ್ಯಾಗ ಅದ."
"ಅದಲ್ಲವ್ವ, ಯಾರ್ದು?"
"ಹ್ವಾದ ವಾರ ಸಾಬಣ್ಣನ ಮನ್ಯಾಗಿತ್ತು."
ಹೆಸರಿನ ಜಾಗ ಖಾಲಿ ಬಿಟ್ಟೆ.

ತಳ ಬಿಚ್ಚಿದೆ. ಬಾಬಿನ್ ಡಬ್ಬಿಯೊಳಗ
ಊರೇ ಗಂಟು ಬಿದ್ದಿತ್ತು:
ಸಾಲಿ ಅಂಗಿಯ ನೀಲಿ, ಕುಂಚಿಗಿಯ ಕೆಂಪು,
ಯಾವುದೋ ಸೀರಿಯ ಅಂಚಿನ ಬಂಗಾರ,
ಮೀನಬಲಿಯ ನೈಲಾನ್ ಎಳಿ.
"ಬಲಿ ಯಾರು ಹೊಲದವರು ಇದರಾಗ?"
ಇಪ್ಪತ್ತೊಂಬತ್ತು ಮನಿಯ ಮಂದಿ
ಆಕಾಶ ನೋಡಿದ್ರು.

ಒಂದು ತಾಸಿನ ಕೆಲಸ. ಮುಗಿಸಿ ಕೈ ಒರಸೂದ್ರಾಗ
ಬೇವಿನ ಗಿಡದ ಟೊಂಗಿ ಮ್ಯಾಲಿಂದ,
(ಫೋನು ಅಲ್ಲೊಂದೇ ಕಡಿ ಹತ್ತೂದು)
ಒಂದು ಹುಡುಗ ಕೂಗಿದ:
"ಡ್ಯಾಮಿನವರು ನೀರು ಬಿಟ್ಟಾರ!"
ಆ ಕೂಗು ಮಾಳಿಗಿಯಿಂದ ಮಾಳಿಗಿಗಿ ಜಿಗಿದು
ಗಡ್ಡಿಯ ಬಾಲದ ಕಡಿ ಮುಟ್ಟೂದ್ರಾಗ
ಆಡು ಮ್ಯಾಲ ಬಂದಿದ್ದುವು,
ಹರಗೋಲ ಬೋರಲ ಬಿದ್ದಿತ್ತು,
ಪಂಪಸೆಟ್ಟು ನಾಕು ಹೆಗಲ ಏರಿತ್ತು.
ಯಾರ ಪಂಪು, ಯಾರ ಹೆಗಲು,
ಕೇಳೂದು ಬಿಟ್ಟಿದ್ದೆ ಅಷ್ಟೊತ್ತಿಗಿ.
ನನ್ನ ಕೈಯಾಗೂ ಯಾರದೋ ಕೂಸಿತ್ತು.

ಎರಡು ರಾತ್ರಿ ಉಳದೆ.
ತಾಟೊಂದೇ, ರೊಟ್ಟಿ ಒಂದು ಮನಿದು, ಪುಂಡಿಪಲ್ಯ ಇನ್ನೊಂದರದು,
ಮೀನಸಾರು ಎಲ್ಲಿದೋ ಗೊತ್ತಾಗಲಿಲ್ಲ,
ಬಾಲಿ ಮುಕ್ಕಾದ ಕಪ್ಪಿನ್ಯಾಗ ಚಾ.
ಜಗಳಾನೂ ಇತ್ತು ಮತ್ತ, ಬರೇ ಬೆಲ್ಲ ಅಲ್ಲ:
ಮಾನಪ್ಪ, ಗದ್ದೆಪ್ಪ ಅಣ್ಣತಮ್ಮ, ಮಾತು ಬಿಟ್ಟು ಏಳು ವರ್ಷ.
ಗದ್ದೆಪ್ಪನ ಮನಿ ಬಲ್ಬು ಸುಟ್ಟಿತ್ತು.
ಮಾನಪ್ಪ ತನ್ನ ಕಂದೀಲ ಕಟ್ಟಿ ಮ್ಯಾಲಿಟ್ಟು
ಮೋತಿ ತಿರುವಿ ಮಲಗಿದ.
ಬೆಳಕು ಗ್ವಾಡಿ ಹಾರಿ ಆ ಕಡಿ ಬಿದ್ದಿತ್ತು.
ತಮ್ಮನ ಮಗಳು ಅದರಾಗ ಪಾಠ ಓದಿದಳು.

ನೀರಿನ ಸಪ್ಪಳ ಸುತ್ತೂ ಇದ್ರ
ಮಲಗಿದವಗ ಊರೇ ಹರಗೋಲ ಅನಸ್ತದ,
ನಡುವ ನಾನು, ಚೀಲದ ಹಂಗ.

ನಡುವಿನ ದಿನ ಸುಮ್ಮನ ಕುಂಡ್ರೂದು ಹ್ಯಾಂಗ?
ಹೊಲದೆ. ಚೀಲ, ಲಂಗ, ಹರದ ಕೊಡಿಗೊಂದು ತ್ಯಾಪಿ,
ಇನ್ನೂ ಹುಟ್ಟದ ಕೂಸಿಗೊಂದು ಕುಂಚಿಗಿ.
ನಾನು ಮಶೀನು ಕೂಡಸೂವ, ಹೊಲ್ಯಾವ ಅಲ್ಲ,
ಹೊಲಿಗಿ ಸೊಟ್ಟ ಬಿತ್ತು.
"ನಮ್ಮ ಹೊಳಿ ಹಂಗೇ ಬಂದದ" ಅಂದಳು ಹುಲಗವ್ವ.

ಮೂರನೇ ದಿನ ಹೊಳಿ ಇಳೀತು.
ಮಜೂರಿ ಅಂತ ಕೂಡಿಸಿ ಕೊಟ್ಟದ್ದು:
ಚಿಲ್ಲರಿ ತುಂಬಿದ ಡಬ್ಬಿ, ಸೇರು ಶೇಂಗಾ,
ಬಿಸಲಾಗ ಒಣಗಿದ ಒಂದು ಸ್ವಾರಿಬುರುಡಿ.
"ಟೊಂಕಕ್ಕ ಕಟ್ಟಿಕೋ. ಮುಂದಿನ ಸಲ ಯಂಕೋಬಗ ಕಾಯಬ್ಯಾಡ."
ನನಗ ಈಜು ಬರಂಗಿಲ್ಲ ಅಂದ್ರ
ಇಡೀ ದಂಡಿ ನಕ್ಕಿತು.

ಅಂಗಡಿಯಾಗ ಬುರುಡಿ ಜೋತು ಬಿಟ್ಟೀನಿ.
ಗಿರಾಕಿ ಕೇಳ್ತಾರ, ಯಾವ ಪಾರ್ಟು ಇದು ಅಂತ.
ಚೀಲ ಹುಡುಕಿದ್ರ ನನ್ನ ಪೇಚಕಸ ಇಲ್ಲ,
ಅಪ್ಪನ ಕಾಲದ್ದು, ಕಟ್ಟಗಿ ಹಿಡಿದು.
ಹುಲಗವ್ವನ ಮನ್ಯಾಗ ಬಿಟ್ಟೀನಿ, ನೆಪ್ಪದ.
ಆದ್ರ ಅವತ್ತಿನಿಂದ ಎರಡು ಸೋಮವಾರ ಹೋದುವಲ್ಲ.
ಈ ವಾರ ಅದು ಯಾರ ಮನ್ಯಾಗ ಅದನೋ.